ದಪ್ಪ ಕುಶನ್ ಶೂ: ಓಡಿ ನೋಡಿದವರು ಏನಂತೀರಿ?

ಕೇಳಿದವರು, ಹಾಸನ

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತು ದಾಟಿದೆ, ತೂಕ 78 ಕೆ.ಜಿ. ವಾರದಲ್ಲಿ ಜಿಲ್ಲಾ ಕ್ರೀಡಾಂಗಣದ ಕಡೆ ಓಡುತ್ತೇನೆ, ಭಾನುವಾರ ಗೊರೂರು ರಸ್ತೆಯಲ್ಲಿ ಸ್ವಲ್ಪ ಜಾಸ್ತಿ ದೂರ. ಹಳೇ ಶೂ ಸವೆದು ಹೋಗಿದೆ. ಈಗ ಅಂಗಡಿಗೆ ಹೋದರೆ ಎಲ್ಲವೂ ದಪ್ಪ ಸೋಲಿನವೇ. ಹಾಕಿಕೊಂಡರೆ ಮೆತ್ತಗಿದೆ, ಹಾಯಾಗಿದೆ. ಆದರೆ ಹತ್ತು ಸಾವಿರದ ಹತ್ತಿರ ಬೆಲೆ. ಅಷ್ಟು ದುಡ್ಡು ಹಾಕುವಷ್ಟು ಉಪಯೋಗ ಇದೆಯಾ? ಕೊಳ್ಳುವಾಗ ಏನು ನೋಡಬೇಕು? ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುತ್ತದೆ, ಅದನ್ನೂ ಮನಸ್ಸಲ್ಲಿಟ್ಟುಕೊಂಡು ಹೇಳಿ.

ಹಾಸನ, ಸಾಲಗಾಮೆ ರಸ್ತೆಯಿಂದ

ನಾನೂ ಹಾಸನದಲ್ಲೇ ಓಡುವವನು. ದಪ್ಪ ಸೋಲಿನ ಶೂಗೆ ಬದಲಾಗಿ ಈಗ ಎರಡನೇ ಜೋಡಿ ಸವೆಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಮೆತ್ತನೆ ನಂಬಬೇಡಿ. ನಿಂತಾಗ ಸೋಲಿನ ಮೇಲೆ ಬೀಳುವುದು ನಿಮ್ಮ ತೂಕ ಮಾತ್ರ. ಓಡುವಾಗ ಪ್ರತಿ ಹೆಜ್ಜೆಗೂ ತೂಕದ ಎರಡರಿಂದ ಮೂರು ಪಟ್ಟು ಬೀಳುತ್ತದೆ. ನಿಂತಾಗ ಹಾಯಾಗಿದ್ದ ಫೋಮ್ ಆ ಪೆಟ್ಟಿಗೆ ಪೂರ್ತಿ ಒತ್ತಿಹೋಗಿ ತಳ ಮುಟ್ಟಬಹುದು. ಅಂಗಡಿಯಲ್ಲಿ ಸ್ವಲ್ಪ ಗಟ್ಟಿ ಅನ್ನಿಸಿದ್ದೇ ರಸ್ತೆಯಲ್ಲಿ ಚೆನ್ನಾಗಿ ಪುಟಿಯುವುದೂ ಉಂಟು. ಹೊಸದಾಗಿ ಹತ್ತಿ ತುಂಬಿಸಿದ ಹಾಸಿಗೆ ನೆನಪಿದೆಯಲ್ಲ, ಮೊದಲ ವಾರ ಇದ್ದ ಉಬ್ಬು ಆಮೇಲೆ ಇರುವುದಿಲ್ಲ. ಕೆಲವು ಶೂಗಳೂ ಹಾಗೇ.

ಫೋಮ್‌ನಲ್ಲೂ ಜಾತಿ ಇದೆ. ಜಾಸ್ತಿ ಶೂಗಳಲ್ಲಿ ಇರುವುದು ಇವಿಎ. ಹಗುರ, ಅಗ್ಗ, ಆದರೆ ಬೇಗ ದಣಿಯುತ್ತದೆ. ಟಿಪಿಯು ಭಾರ, ಬಾಳಿಕೆ ಜಾಸ್ತಿ. ಪೀಬಾ ಅನ್ನುವುದು ಹಗುರವೂ ಹೌದು, ಚೆನ್ನಾಗಿ ಪುಟಿಯುತ್ತದೆ, ಬೆಲೆ ಮಾತ್ರ ತಲೆ ತಿರುಗಿಸುತ್ತದೆ. ನೀವು ಹೇಳುವ ಓಟಕ್ಕೆ ಪೀಬಾ ಬೇಡ. ಚಳಿಗೆ ಇವಿಎ ಸ್ವಲ್ಪ ಬಿಗಿಯುತ್ತದೆ ಅನ್ನುವುದೂ ಗೊತ್ತಿರಲಿ. ಹಾಸನದಲ್ಲಿ ಡಿಸೆಂಬರ್ ಬೆಳಿಗ್ಗೆ ಹೊರಟರೆ ಮೊದಲ ಸ್ವಲ್ಪ ದೂರ ಶೂ ಮರಗಟ್ಟಿದ ಹಾಗೆ ಇರುತ್ತದೆ. ಅದು ಶೂವಿನ ದೋಷವಲ್ಲ, ಆಮೇಲೆ ಸರಿಹೋಗುತ್ತದೆ.

ಅಂಗಡಿಯಲ್ಲಿ ನಾನು ಮಾಡುವುದು ಇಷ್ಟು. ಸಂಜೆ ಹೋಗುತ್ತೇನೆ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸ್ ಜೇಬಲ್ಲೇ ಇರುತ್ತದೆ. ಮೊದಲು ಒಳಗಿನ ಅಟ್ಟೆ, ಅದೇ ಇನ್‌ಸೋಲ್, ಎಳೆದು ನೆಲಕ್ಕೆ ಹಾಕಿ ಅದರ ಮೇಲೆ ಬರಿಗಾಲಲ್ಲಿ ನಿಲ್ಲುತ್ತೇನೆ. ಕಿರುಬೆರಳಿನ ಬುಡ ಅಟ್ಟೆಯ ಅಂಚು ದಾಟಿ ಹೊರಗೆ ಚಾಚಿದರೆ ಆ ಶೂ ಎಷ್ಟೇ ಮೆತ್ತಗಿರಲಿ, ವಾಪಸ್. ಚಪ್ಪಲಿ ಹಾಕಿಯೇ ಬೆಳೆದ ನಮ್ಮಂಥವರ ಪಾದ ಮುಂದೆ ಅಗಲ. ಪೆಟ್ಟಿಗೆ ಮೇಲೆ 2ಇ ಅಂತ ಇದ್ದರೆ ಗಂಡಸರಿಗೆ ಅದು ಅಗಲದ ಅಳತೆ, ಕೇಳಿ ನೋಡಿ. ಅಂಗಡಿಯವರು ಅಗಲದ ಬದಲು ಒಂದು ಸೈಜ್ ದೊಡ್ಡದು ಕೊಡುತ್ತಾರೆ. ಆಗ ಮುಂದೆ ಸರಿಹೋಗುತ್ತದೆ, ಹಿಮ್ಮಡಿ ಮಾತ್ರ ಒಳಗೆ ಎದ್ದೆದ್ದು ಕೂರುತ್ತದೆ. ನಡೆಯುವಾಗ ಗೊತ್ತಾಗುವುದಿಲ್ಲ, ಓಡುವಾಗ ಬೊಬ್ಬೆ ಬರುತ್ತದೆ.

ಆಮೇಲೆ ಶೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಎರಡೂ ನೆಟ್ಟಗೆ ನಿಂತಿರಬೇಕು. ಸೋಲು ದಪ್ಪ ಇದ್ದಷ್ಟೂ ಸಣ್ಣ ವಾಲಿಕೆಯೂ ಕಣಕಾಲಿಗೆ ದೊಡ್ಡದಾಗುತ್ತದೆ. ಒಮ್ಮೆ ಹೊಚ್ಚ ಹೊಸ ಜೋಡಿಯಲ್ಲಿ ಎಡಗಾಲಿನದು ಒಳಕ್ಕೆ ವಾಲಿತ್ತು. ಅಂಗಡಿಯ ಹುಡುಗ ‘ಹಾಕಿದ ಮೇಲೆ ಸರಿಯಾಗುತ್ತೆ ಸಾರ್’ ಅಂದ. ಆಗುವುದಿಲ್ಲ. ಸುಮ್ನೆ ಎದ್ದು ಬಂದೆ.

ಚಿಕ್ಕಮಗಳೂರು, ಕೈಮರ ಕಡೆಯಿಂದ

ಮೇಲಿನವರು ಹೇಳಿದ್ದು ಹಾಸನದ ಸಪಾಟು ರಸ್ತೆಗೆ ಸರಿ. ನಮ್ಮ ಕಡೆ ಕಥೆ ಬೇರೆ. ಊರೇ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1,930. ಕೈಮರ ದಾಟಿದರೆ ಏರು, ತಿರುವು, ಮತ್ತೆ ಏರು. ಹತ್ತುವಾಗ ದಪ್ಪ ಸೋಲು ತೊಂದರೆ ಕೊಡುವುದಿಲ್ಲ. ಇಳಿಯುವಾಗ ನೋಡಿ. ತಿರುವಿನಲ್ಲಿ ರಸ್ತೆ ಒಂದು ಕಡೆಗೆ ಓರೆ ಇರುತ್ತದೆ, ಫೋಮ್ ಅದೇ ಕಡೆಗೆ ಕುಸಿಯುತ್ತದೆ, ಕಣಕಾಲು ಹೊರಕ್ಕೆ ಹೋಗುತ್ತದೆ. ಬೆರಳುಗಳು ಮುಂದಕ್ಕೆ ಜಾರಿ ಶೂ ತುದಿಗೆ ಬಡಿಯುತ್ತವೆ. ಹೆಬ್ಬೆರಳಿನ ಉಗುರು ಕಪ್ಪಾಗುವುದು ಹೀಗೇ.

ಭಾನುವಾರ ಆ ರಸ್ತೆಯಲ್ಲಿ ಪ್ರವಾಸಿಗಳ ಗಾಡಿ ಸಾಲು. ಅಂಚಿನ ಜಲ್ಲಿಗೆ ಇಳಿಯಲೇಬೇಕು. ಅಲ್ಲಿ ದಪ್ಪ ಶೂ ಇನ್ನೂ ಕಷ್ಟ. ತೋಟದ ದಾರಿಗೆ ಟ್ರೈಲ್ ಶೂ ಬೇರೆಯೇ ಬೇಕು. ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಅನ್ನುವ ದೂರದ ಓಟ ಓಡುವವರ ಕಾಲು ನೋಡಿ, ಸೋಲಿನ ಕೆಳಗೆ ಹಲ್ಲು ಹಲ್ಲು ಇರುತ್ತದೆ.

ಹಾಸನ, ಸಾಲಗಾಮೆ ರಸ್ತೆಯಿಂದ

ಒಪ್ಪಿದೆ, ಆದರೆ ಒಂದು ಮಾತು. ಈ ದಪ್ಪ ಸೋಲಿನ ಫ್ಯಾಷನ್ ಶುರು ಮಾಡಿದ ಹೋಕಾ ಕಂಪನಿ 2009ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ್ದೇ ಬೆಟ್ಟ ಇಳಿಯುವವರಿಗಾಗಿ. ಆಲ್ಪ್ಸ್ ಇಳಿಜಾರಿನಲ್ಲಿ ಜೋರಾಗಿ ಓಡಬೇಕು ಅಂತ ಮಾಡಿದ್ದು. ಹಾಗಾಗಿ ದಪ್ಪ ಅಂದರೆ ಇಳಿಜಾರಿಗೆ ಆಗುವುದಿಲ್ಲ ಅನ್ನುವ ಹಾಗಿಲ್ಲ.

ಚಿಕ್ಕಮಗಳೂರು, ಕೈಮರ ಕಡೆಯಿಂದ

ಹೌದು, ಆದರೆ ಅವರು ಸೋಲನ್ನು ದಪ್ಪ ಮಾಡಿದ ಹಾಗೇ ಅಗಲವನ್ನೂ ಮಾಡಿದರು, ಪಾದ ಫೋಮ್ ಒಳಗೆ ಸ್ವಲ್ಪ ಇಳಿದು ಕೂರುವ ಹಾಗೆ ಅಂಚು ಎಬ್ಬಿಸಿದರು. ಈಗ ಬರುವ ಎಷ್ಟೋ ಅಗ್ಗದ ಶೂಗಳು ಎತ್ತರ ಮಾತ್ರ ಕಲಿತಿವೆ, ಅಗಲ ಕಲಿತಿಲ್ಲ. ಕೊಳ್ಳುವಾಗ ತಿರುಗಿಸಿ ತಳ ನೋಡಿ. ನಡುಭಾಗ ಸೊಂಟದ ಹಾಗೆ ಸಣ್ಣಗಾಗಿದ್ದರೆ ನಮ್ಮ ರಸ್ತೆಗೆ ಬೇಡ.

ಚಿಕ್ಕಮಗಳೂರು, ಆಜಾದ್ ಪಾರ್ಕ್ ಹತ್ತಿರದಿಂದ

ಹಿಮ್ಮಡಿ ನೋವಿನ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೂ ಇತ್ತು. ಬೆಳಿಗ್ಗೆ ಮಂಚದಿಂದ ಇಳಿದು ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿಯಬೇಕಿತ್ತು. ಹತ್ತು ಹೆಜ್ಜೆ ಆದ ಮೇಲೆ ಕಡಿಮೆ. ಅಂಗಾಲಿನ ಉದ್ದಕ್ಕೂ ಇರುವ ಪಟ್ಟಿ ಹಿಮ್ಮಡಿಗೆ ಅಂಟಿರುವ ಜಾಗದಲ್ಲಿ ನೋವು ಬರುತ್ತದೆ, ಪ್ಲಾಂಟರ್ ಫೇಶಿಯೈಟಿಸ್ ಅಂತಾರೆ. ನಿಮ್ಮದು ಅದೇನಾ ಅಂತ ಡಾಕ್ಟರ್ ನೋಡಿ ಹೇಳಲಿ.

ಕುಶನ್ ಶೂ ಹಾಕಿದರೆ ದಿನವಿಡೀ ನಿಂತು ಕೆಲಸ ಮಾಡುವಾಗ ಆರಾಮ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ನೋವು ಕಡಿಮೆ ಮಾಡಿದ್ದು ಶೂ ಅಲ್ಲ. ಮೆಟ್ಟಿಲಿನ ಅಂಚಿನಲ್ಲಿ ಬೆರಳೂರಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ ಮೇಲೆತ್ತುವ ವ್ಯಾಯಾಮ, ಮೀನಖಂಡ ಎಳೆಯುವುದು, ಓಟ ಕಡಿಮೆ ಮಾಡಿದ್ದು, ಇವು. ಮನೆಯೊಳಗೆ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದನ್ನೂ ನಿಲ್ಲಿಸಿದೆ. ಅತ್ತೆಗೆ ಮನೆಯೊಳಗೆ ಚಪ್ಪಲಿ ಹಾಕುವುದು ಇಷ್ಟವಿರಲಿಲ್ಲ. ಒಳಗಿಗೇ ಅಂತ ಬೇರೆ ಜೋಡಿ ತಂದ ಮೇಲೆ ಸುಮ್ಮನಾದರು.

ನೀವು ನೋಡಬೇಕಾದ ಒಂದು ಸಂಖ್ಯೆ ಇದೆ. ಹಿಮ್ಮಡಿ ಕೆಳಗಿನ ಎತ್ತರದಿಂದ ಮುಂಗಾಲಿನ ಎತ್ತರ ಕಳೆಯಿರಿ, ಅದಕ್ಕೆ ಡ್ರಾಪ್ ಅಂತಾರೆ. ತುಂಬಾ ಶೂಗಳಲ್ಲಿ 8ರಿಂದ 10 ಮಿಲಿಮೀಟರ್ ಇರುತ್ತದೆ. ಕೆಲವು ದಪ್ಪ ಶೂಗಳಲ್ಲಿ 4 ಅಥವಾ 5 ಅಷ್ಟೇ. ನೋಡೋಕೆ ಎತ್ತರ, ಆದರೆ ಒಳಗೆ ಹಿಮ್ಮಡಿ ತಗ್ಗಿನಲ್ಲೇ ಇರುತ್ತದೆ. ನಿಮ್ಮ ಹಳೇ ಶೂ 10 ಇದ್ದು ಇದ್ದಕ್ಕಿದ್ದಂತೆ 4ಕ್ಕೆ ಬಂದರೆ ಮೀನಖಂಡಕ್ಕೂ ಹಿಮ್ಮಡಿ ಹಿಂದಿನ ನರಕ್ಕೂ ಕೆಲಸ ಜಾಸ್ತಿ. ಹಿಮ್ಮಡಿ ನೋವಿದ್ದವರು ಈ ಕಡೆ ಹೋಗದಿರುವುದೇ ಒಳ್ಳೆಯದು. ಹಳೇ ಶೂವಿನ ಡ್ರಾಪ್ ಎಷ್ಟಿತ್ತು ಅಂತ ಹುಡುಕಿ, ಹೊಸದೂ ಅದರ ಹತ್ತಿರವೇ ಇರಲಿ.

ಹೆಂಗಸರು ಯಾರಾದರೂ ಓದುತ್ತಿದ್ದರೆ: ಗಂಡಸರ ಶೂವಿನ ಚಿಕ್ಕ ಸೈಜ್ ಕೊಡುತ್ತೇವೆ ಅಂದರೆ ಹಿಮ್ಮಡಿ ಹಿಡಿತ ಮೊದಲು ನೋಡಿ. ನನಗಂತೂ ಅದು ಸಡಿಲವೇ ಆಗುತ್ತದೆ.

ಬೇಲೂರಿನಿಂದ

ನನಗೆ ಈ ದಪ್ಪ ಶೂ ಮೇಲೆ ನಂಬಿಕೆ ಇಲ್ಲ. 2018ರಲ್ಲಿ ಫಿನ್ಲೆಂಡ್‌ನವರು 12 ಓಟಗಾರರನ್ನು ಸಾಮಾನ್ಯ ಶೂ ಮತ್ತು ದಪ್ಪ ಶೂ ಎರಡರಲ್ಲೂ ಓಡಿಸಿ ಅಳೆದರು. ವೇಗ ಹೆಚ್ಚಿದಾಗ ದಪ್ಪ ಶೂನಲ್ಲಿ ಪೆಟ್ಟು ಕಡಿಮೆಯಾಗುವ ಬದಲು ಜಾಸ್ತಿಯೇ ಆಗಿತ್ತು. ಕೆಳಗೆ ಮೆತ್ತಗಿದೆ ಅಂತ ಗೊತ್ತಾದರೆ ಕಾಲು ಬಿಗಿಯಾಗಿ ಇಳಿಯುತ್ತದೆ. ತೆಳು ಸೋಲಿನಲ್ಲಿ ಚಿಕ್ಕ ಹೆಜ್ಜೆ ಇಟ್ಟು ಓಡುವುದನ್ನು ಕಲಿಯಿರಿ, ದುಡ್ಡೂ ಉಳಿಯುತ್ತದೆ.

ಹಾಸನ, ಸಾಲಗಾಮೆ ರಸ್ತೆಯಿಂದ

ಪೆಟ್ಟು ಅಳೆಯುವುದು ಬೇರೆ, ಗಾಯ ಎಣಿಸುವುದು ಬೇರೆ ಅಲ್ವಾ? ಲಕ್ಸೆಂಬರ್ಗ್‌ನಲ್ಲಿ 848 ಜನ ಹವ್ಯಾಸಿ ಓಟಗಾರರಿಗೆ ನೋಡಲು ಒಂದೇ ತರದ ಶೂ ಕೊಟ್ಟರು. ಅರ್ಧ ಜನಕ್ಕೆ ಮೆತ್ತನೆ ಸೋಲು, ಅರ್ಧ ಜನಕ್ಕೆ ಗಟ್ಟಿ. ಆರು ತಿಂಗಳು ಲೆಕ್ಕ ಇಟ್ಟರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಗಟ್ಟಿ ಸೋಲಿನವರಿಗೇ ಗಾಯ ಜಾಸ್ತಿ. ಆದರೆ ನಮ್ಮ ಪ್ರಶ್ನೆ ಕೇಳಿದವರಿಗೆ ಬೇಕಾದ ಮಾತು ಅದರಲ್ಲೇ ಇದೆ. ಮೆತ್ತನೆ ಸೋಲಿನ ಲಾಭ ಕಂಡಿದ್ದು ಹಗುರ ಮೈಯವರಲ್ಲಿ. ಭಾರದವರಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲರೂ ಊಹಿಸುವುದು ಉಲ್ಟಾ, ತೂಕ ಜಾಸ್ತಿ ಇದ್ದವರಿಗೇ ಮೆತ್ತನೆ ಬೇಕು ಅಂತ. ಹಾಗಾಗಿ 78 ಕೆ.ಜಿ. ಇದ್ದೀರಿ ಅನ್ನುವ ಕಾರಣಕ್ಕೆ ಅತಿ ಮೆತ್ತನೆಯದನ್ನು ಹುಡುಕಬೇಡಿ. ನಡು ದರ್ಜೆಯದು, ಕಾಲಿಗೆ ಹಿತವಾದದ್ದು ಸಾಕು. ಬೇಲೂರಿನವರ ಚಿಕ್ಕ ಹೆಜ್ಜೆ ಮಾತಿಗೆ ಮಾತ್ರ ನನ್ನ ಪೂರ್ತಿ ಓಟು. ಅದಕ್ಕೆ ಶೂ ಯಾವುದಾದರೂ ಆಗುತ್ತದೆ.

ಸಕಲೇಶಪುರದಿಂದ

ಮಳೆ ಮರೆತುಬಿಟ್ಟಿರಲ್ಲ! ದಪ್ಪ ಶೂ ನೀರು ಕುಡಿದರೆ ನಮ್ಮ ಕಡೆ ಜುಲೈನಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಒಳಗಿನ ಅಟ್ಟೆ ತೆಗೆದು ಬೇರೆ ಇಡಿ. ಹಳೇ ಪೇಪರ್ ಉಂಡೆ ಮಾಡಿ ಬೆರಳಿನ ತುದಿಯವರೆಗೂ ತುರುಕಿ, ಒದ್ದೆಯಾದ ಹಾಗೆ ಬದಲಾಯಿಸಿ. ಫ್ಯಾನ್ ಕೆಳಗೆ ಮಲಗಿಸಿ ಇಡಿ. ಬಚ್ಚಲು ಒಲೆ ಪಕ್ಕ ಮಾತ್ರ ಇಡಬೇಡಿ. ನಮ್ಮ ಮನೆಗಳಲ್ಲಿ ಒದ್ದೆ ಏನಿದ್ದರೂ ಅಲ್ಲಿಗೇ ಹೋಗುವುದು ರೂಢಿ, ಆದರೆ ಆ ಕಾವಿಗೆ ಅಂಟು ಬಿಡುತ್ತದೆ, ಫೋಮ್ ಸೊಟ್ಟಗಾಗುತ್ತದೆ.

ಇನ್ನೊಂದು. ದಪ್ಪ ಶೂಗಳ ತಳ ತಿರುಗಿಸಿ ನೋಡಿ. ಭಾರ ಇಳಿಸಲು ಎಷ್ಟೋ ಕಂಪನಿಗಳು ರಬ್ಬರ್ ಅನ್ನು ಅಲ್ಲಲ್ಲಿ ತುಂಡು ತುಂಡಾಗಿ ಹಚ್ಚಿ, ಉಳಿದ ಕಡೆ ಬರೀ ಫೋಮ್ ಬಿಟ್ಟಿರುತ್ತವೆ. ಪಾಚಿ ಹಿಡಿದ ಸಿಮೆಂಟ್ ಮೇಲೆ ಅದು ನಿಲ್ಲುವುದಿಲ್ಲ. ಇಂಬಳ ಹತ್ತುವುದಕ್ಕೆ ಯಾವ ಶೂವಿನಲ್ಲೂ ಪರಿಹಾರ ಇಲ್ಲ, ಅದನ್ನು ಕೇಳಬೇಡಿ.

ಕೇಳಿದವರು, ಹಾಸನ

ಎಲ್ಲರಿಗೂ ಥ್ಯಾಂಕ್ಸ್. ಹಳೇದರ ಡ್ರಾಪ್ ಹುಡುಕಿದೆ, 10 ಇತ್ತು. ನಿನ್ನೆ ಸಂಜೆ ಹೋಗಿ 8 ಇರುವ ಒಂದನ್ನು ತಂದೆ, ಅಟ್ಟೆ ಮೇಲೆ ನಿಂತು ನೋಡಿಯೇ. ಅಂಗಡಿಯವರು ವಿಚಿತ್ರವಾಗಿ ನೋಡಿದರು. ಇನ್ನೂ ಹೊರಗೆ ಹಾಕಿಲ್ಲ. ಬಲಗಾಲು ಹಿಮ್ಮಡಿ ಸ್ವಲ್ಪ ಎದ್ದ ಹಾಗೆ ಅನ್ನಿಸುತ್ತಿದೆ, ಎಡಗಾಲು ಸರಿ ಇದೆ. ವಾಪಸ್ ಕೊಡಲಾ? ಬದಲಾಯಿಸಲು ವಾರ ಟೈಮ್ ಇದೆ.

ಚಿಕ್ಕಮಗಳೂರು, ಆಜಾದ್ ಪಾರ್ಕ್ ಹತ್ತಿರದಿಂದ

ತಕ್ಷಣ ಕೊಡಬೇಡಿ. ಎರಡೂ ಪಾದ ಒಂದೇ ಅಳತೆ ಇರುವವರು ಕಡಿಮೆ. ಎಡಗಾಲಿಗೆ ಸರಿಯಾಗಿದ್ದರೆ ಬಲಗಾಲಿಗೆ ಲೇಸಿನಲ್ಲೇ ಸರಿಮಾಡಬಹುದು. ಕಣಕಾಲಿನ ಹತ್ತಿರ, ಕೊನೆಯಲ್ಲಿ, ಸ್ವಲ್ಪ ಹಿಂದಕ್ಕೆ ಒಂದು ತೂತು ಜಾಸ್ತಿ ಇರುತ್ತದೆ, ಯಾರೂ ಬಳಸುವುದಿಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ, ಪೂರ್ತಿ ಎಳೆಯದೆ ಸಣ್ಣ ಕುಣಿಕೆ ಬಿಡಿ. ಇನ್ನೊಂದು ಬದಿಯಲ್ಲೂ ಹಾಗೇ. ಈಗ ಎಡಗಡೆ ಲೇಸನ್ನು ಬಲಗಡೆ ಕುಣಿಕೆಯಲ್ಲಿ, ಬಲಗಡೆಯದನ್ನು ಎಡಗಡೆ ಕುಣಿಕೆಯಲ್ಲಿ ಹಾಯಿಸಿ, ಕೆಳಮುಖವಾಗಿ ಎಳೆದು ಕಟ್ಟಿ. ಬೆರಳುಗಳ ಮೇಲೆ ಬಿಗಿ ಮಾಡದೆ ಹಿಮ್ಮಡಿಯನ್ನು ಮಾತ್ರ ಹಿಡಿಯುತ್ತದೆ.

ಮನೆಯೊಳಗೇ, ಒರೆಸಿದ ನೆಲದ ಮೇಲೆ ಸಂಜೆ ಹೊತ್ತು ಹಾಕಿಕೊಂಡು ಓಡಾಡಿ. ಮಾಳಿಗೆ ಮೆಟ್ಟಿಲು ಇದ್ದರೆ ಹತ್ತಿ ಇಳಿಯಿರಿ, ಇಳಿಯುವಾಗ ಬೆರಳು ತುದಿಗೆ ತಾಕುತ್ತದಾ ನೋಡಿ. ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಲೇಸ್ ಕಟ್ಟಿದ ಮೇಲೂ ಹಿಮ್ಮಡಿ ಎದ್ದರೆ ಆಗ ಬದಲಾಯಿಸಿ. ತಳಕ್ಕೆ ಮಣ್ಣು ತಾಗಿದರೆ ವಾಪಸ್ ತಗೊಳ್ಳುವುದಿಲ್ಲ, ಪೆಟ್ಟಿಗೆಯನ್ನೂ ಬಿಸಾಕಬೇಡಿ.

ಹಾಸನ, ಸಾಲಗಾಮೆ ರಸ್ತೆಯಿಂದ

ಸರಿಹೋದರೆ ಮೊದಲ ಎರಡು ವಾರ ಚಿಕ್ಕ ಓಟಕ್ಕೆ ಮಾತ್ರ ಹಾಕಿ, ಭಾನುವಾರದ ಉದ್ದ ಓಟಕ್ಕೆ ಸದ್ಯ ಬೇಡ. ಹಳೇದು ಪೂರ್ತಿ ಸತ್ತಿಲ್ಲ ಅಂದರೆ ಒಂದು ದಿನ ಅದು, ಒಂದು ದಿನ ಇದು. ಹೊಸದನ್ನು ಹಾಕಲು ಶುರು ಮಾಡಿದ ತಾರೀಖನ್ನು ಒಳಗಿನ ಅಟ್ಟೆಯ ಕೆಳಗೆ ಪೆನ್ನಲ್ಲಿ ಬರೆದಿಡಿ. ಇಂಥ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬರುತ್ತದೆ, ಮೇಲೆ ಹೊಸದಾಗಿ ಕಂಡರೂ ಒಳಗಿನ ಫೋಮ್ ಅಷ್ಟೊತ್ತಿಗೆ ಕೂತಿರುತ್ತದೆ. ಹಾಸನಾಂಬ ಬಾಗಿಲು ತೆಗೆದ ದಿನಗಳಲ್ಲಿ ಊರೊಳಗೆ ಓಡುವ ಆಸೆ ಬಿಡಿ, ಬೆಳಗಿನ ಜಾವದಿಂದಲೇ ಸರತಿ ಸಾಲು. ಬೇಕಿದ್ದರೆ ಸಾಲಗಾಮೆ ರಸ್ತೆ ಕಡೆ ಬನ್ನಿ, ನಾವು ನಾಲ್ಕೈದು ಜನ ಐದೂವರೆಗೆ ಹೊರಡುತ್ತೇವೆ.