ಹೊಸ ಸ್ಪೀಕರ್ ಹಾಕಿದರೂ ಆಂಪ್ ನಡುವೆ ನಿಲ್ಲುತ್ತದೆ, ಯಾರಾದರೂ ದಾರಿ ಹೇಳಿ ಮಾರಾಯ್ರೆ

ಮಧೂರು_ಕೀಸ್

ತಲೆ ಕೆಟ್ಟು ಹೋಗಿದೆ. ಕೀಬೋರ್ಡಿನ ಸದ್ದು ಗಟ್ಟಿ ಮಾಡುವ ಆಂಪಿನ (ಆಂಪ್ಲಿಫೈಯರಿನ) ಸ್ಪೀಕರ್ ಕರಕರ ಅನ್ನುತ್ತಿತ್ತು, ನಡುನಡುವೆ ಸದ್ದೇ ಹೋಗುತ್ತಿತ್ತು. ಕಾಸರಗೋಡು ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಬಿಚ್ಚಿಯೂ ನೋಡಲಿಲ್ಲ, "ಒಳಗಿನ ತಂತಿ ಸುರುಳಿ, ಕಾಯಿಲ್ ಹೋಗಿದೆ, ಸ್ಪೀಕರ್ ಬದಲಿಸಿ" ಅಂದುಬಿಟ್ಟರು. ಸರಿ ಅಂತ ಮಂಗಳೂರಿನಿಂದ ಹೊಸತು ತರಿಸಿ ನಾನೇ ಹಾಕಿದೆ. ಅಳತೆ ಸರಿಯಾಗಿ ಕೂತಿದೆ. ಸ್ಕ್ರೂ ತೂತುಗಳೂ ಸರಿ ಬಂದವು.

ಈಗ ಸದ್ದು ಮೊದಲಿಗಿಂತ ಕಮ್ಮಿ. ಹಳೇ ರೋಗವೂ ಹೋಗಿಲ್ಲ. ಭಜನೆ ಏರುವ ಹೊತ್ತಿಗೆ ಟಕ್ ಅಂತ ನಿಲ್ಲುತ್ತದೆ. ತಲೆ ಮೇಲೆ ಒಂದು ಬಾರಿಸಿದರೆ ಮತ್ತೆ ಬರುತ್ತದೆ. ಆಂಪಿನ ತಲೆ ಮೇಲೆ, ನನ್ನದಲ್ಲ.

ಚೌತಿಗೆ ಇದು ಬೇಕೇ ಬೇಕು. ನನಗೆ ಸಿಕ್ಕಿದ್ದು ಡೂಪ್ಲಿಕೇಟ್ ಸ್ಪೀಕರಾ?

ಓಮ್_ಸ್ವಾಹಾ

ಯಾವ ಆಂಪ್? ಎಷ್ಟು ವ್ಯಾಟ್? ಹಳೇ ಸ್ಪೀಕರ್ ಎಷ್ಟು ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ), ಹೊಸತು ಎಷ್ಟು ಓಮ್? ಇದು ಒಂದೂ ಹೇಳದೆ "ಡೂಪ್ಲಿಕೇಟಾ" ಅಂತ ಕೇಳಿದರೆ ನಾವು ಕವಡೆ ಹಾಕಿ ನೋಡಬೇಕಷ್ಟೆ.

ನನ್ನ ಪ್ರಕಾರ ಇದು ಓಮ್ ಸಮಸ್ಯೆಯೇ. ಮ್ಯಾಗ್ನೆಟ್ ಹಿಂದೆ ಸ್ಟಿಕ್ಕರ್ ಇರುತ್ತದೆ, ನೋಡಿ.

ಮಧೂರು_ಕೀಸ್

10 ಇಂಚಿನ ಸ್ಪೀಕರ್. ಮಾಮೂಲಿ ಆಂಪ್. ಸ್ಟಿಕ್ಕರಿನಲ್ಲಿ ಕಂಪನಿ ಹೆಸರು ಮತ್ತು 100 ವ್ಯಾಟ್ ಅಂತ ಇದೆ, ಓಮ್ ಬರೆದಿಲ್ಲ. ಪಕ್ಕದ ಮನೆಯ ವಯರಿಂಗ್ ಅಣ್ಣನ ಮೀಟರ್ ತಂದು ಇಟ್ಟೆ, 6.2 ತೋರಿಸಿತು. 6 ಓಮಿನ ಸ್ಪೀಕರ್ ಅಂತ ಇರುತ್ತದಾ? ಮೋಸ ಆಗಿದೆ ಅಲ್ವಾ?

ಹಳೇ_ರೇಡಿಯೊ

ಮೋಸ ಇಲ್ಲ. ಮೀಟರ್ ತೋರಿಸುವುದು ತಂತಿಯ ಡಿಸಿ ರೆಸಿಸ್ಟೆನ್ಸ್, ಅಂದರೆ ಬ್ಯಾಟರಿಯ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿಗೆ ಇರುವ ತಡೆ. ಸ್ಪೀಕರಿನ ಮೇಲೆ ಬರೆಯುವ ಓಮ್ ಹಿಂದೆ ಮುಂದೆ ಹರಿಯುವ ಎಸಿ ಸಿಗ್ನಲಿಗೆ ಅದು ಒಡ್ಡುವ ತಡೆ. ಆ ತಡೆಯೂ ಸ್ವರ ಬದಲಾದ ಹಾಗೆ ಏರಿಳಿಯುತ್ತದೆ, ಬರೆದದ್ದು ಹೆಸರಿಗೆ ಒಂದು ಅಂಕೆ. 8 ಓಮಿನದ್ದಕ್ಕೆ ಮೀಟರ್ ಇಟ್ಟರೆ 5.5ರಿಂದ 7ರ ಒಳಗೆ ಎಲ್ಲೋ ನಿಲ್ಲುತ್ತದೆ. 4 ಓಮಿನದ್ದಕ್ಕೆ 3ರಿಂದ 3.5. ನಿಮ್ಮದು 8 ಓಮ್ ಸ್ಪೀಕರ್.

ಹಳೆಯದು ಮನೆಯಲ್ಲಿ ಉಂಟಾ? ಅದಕ್ಕೂ ಮೀಟರ್ ಇಟ್ಟು ನೋಡಿ.

ಓಮ್_ಸ್ವಾಹಾ

ಬಂತಲ್ಲ! ಆಂಪ್ 4 ಓಮಿಗೆ ಮಾಡಿದ್ದು, ಇವರು 8 ಹಾಕಿದ್ದಾರೆ. ಅದಕ್ಕೇ ಸದ್ದು ಅರ್ಧ. ಕೇಸ್ ಮುಗಿಯಿತು.

ಬೇಸ್_ಬದಿಯಡ್ಕ

8 ಹಾಕಿದರೆ ಆಂಪ್ ಸುಟ್ಟು ಹೋಗುತ್ತದೆ, ಕೂಡಲೇ ಬಂದ್ ಮಾಡಿ! ನಮ್ಮ ವಾಲ್ವ್ ಆಂಪಿಗೆ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಹಳೇ ಬಗೆ) ಹೀಗೇ ತಪ್ಪು ಸ್ಪೀಕರ್ ಹಾಕಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಈಗ ನಾನು ಸೆಲೆಶನ್ ಕಂಪನಿಯ ಗಿಟಾರ್ ಸ್ಪೀಕರ್ ಗ್ರೀನ್‌ಬ್ಯಾಕ್ ಎರಡು ಹಾಕಿದ್ದೇನೆ, 25 ವ್ಯಾಟಿನವು, 16 ಓಮ್, ಪ್ಯಾರಲಲ್ ಮಾಡಿ (ಎರಡನ್ನೂ ಅಕ್ಕಪಕ್ಕ ಜೋಡಿಸಿ) 8 ಓಮ್. ಆ ನಾದ ಕೇಳಬೇಕು ನೀವು. ಮಳೆಗಾಲದ ರಾತ್ರಿ ವಾಲ್ವ್ ಬಿಸಿಯಾದ ಮೇಲೆ ಒಂದು ಕಾರ್ಡ್ ಬಾರಿಸಿದರೆ ಆಹಾ.

ಹಳೇ_ರೇಡಿಯೊ

ಬೇಸ್ ಅವರೆ, ಸುಮ್ನೆ ಹೆದರಿಸಬೇಡಿ. ವಾಲ್ವ್ ಆಂಪಿನ ಕಥೆ ಬೇರೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ಓಮ್ ಹೊಂದಬೇಕು, ಸ್ಪೀಕರ್ ಇಲ್ಲದೆ ಓಡಿಸಲೇಬಾರದು. ಟ್ರಾನ್ಸಿಸ್ಟರ್ ಆಂಪಿಗೆ ಓಮ್ ಜಾಸ್ತಿ ಆದರೆ ಕರೆಂಟ್ ಕಮ್ಮಿ ಹೋಗುತ್ತದೆ, ಅಷ್ಟೆ. ಬರೆದದ್ದಕ್ಕಿಂತ ಕಮ್ಮಿ ಓಮ್ ಹಾಕಿದರೆ ಮಾತ್ರ ಅಪಾಯ, ಆಗ ಕರೆಂಟ್ ಜಾಸ್ತಿ ಎಳೆದು ಬಿಸಿಯಾಗುತ್ತದೆ.

ಓಮ್ ಅವರೆ, ಕೇಸ್ ಮುಗಿದಿಲ್ಲ. 4ರ ಜಾಗದಲ್ಲಿ 8 ಹಾಕಿದರೆ ಪವರ್ ಸುಮಾರು ಅರ್ಧ ಆಗುತ್ತದೆ, ಹೌದು. ಆದರೆ ಅರ್ಧ ಪವರ್ ಅಂದರೆ 3 ಡೆಸಿಬೆಲ್ (ಸದ್ದಿನ ಅಳತೆ) ಕಮ್ಮಿ. ಕಿವಿಗೆ ಸದ್ದು ಅರ್ಧ ಆದ ಹಾಗೆ ಕೇಳಬೇಕಾದರೆ ಹತ್ತಿರ ಹತ್ತಿರ 10 ಡೆಸಿಬೆಲ್ ಇಳಿಯಬೇಕು. ಇನ್ನೂ ಒಂದು: ಬಡಿದರೆ ವಾಪಸ್ ಬರುವ ಸದ್ದಿಗೂ ಓಮಿಗೂ ಎಂತ ಸಂಬಂಧ?

ಚೆಂಡೆ_ಚಕ್ರತಾಳ

ಆ ಆಂಪಿಗೆ ಹೆಡ್‌ಫೋನ್ ತೂತು ಉಂಟಾ?

ಓಮ್_ಸ್ವಾಹಾ

ಸಂಬಂಧ ಇದೆ. ಲೋಡ್, ಅಂದರೆ ತಗುಲಿಸಿದ ಸ್ಪೀಕರ್ ಸರಿ ಇಲ್ಲದೆ ಆಂಪ್ ಬಿಸಿಯಾಗಿ, ಸುಡದ ಹಾಗೆ ತಾನೇ ನಿಂತು ಪ್ರೊಟೆಕ್ಷನ್‌ಗೆ ಹೋಗುತ್ತದೆ. 4 ಓಮಿನ ಸ್ಪೀಕರ್ ತಂದು ಹಾಕಲಿ, ಎಲ್ಲ ಸರಿ ಆಗುತ್ತದೆ. ಬೇಕಾದರೆ ಪಂದ್ಯ.

ಹಳೇ_ರೇಡಿಯೊ

8 ಓಮಿಗೆ ಕರೆಂಟ್ ಕಮ್ಮಿ ಅಂತ ಈಗಷ್ಟೇ ಬರೆದೆ, ಅಂದರೆ ಆಂಪ್ ಇನ್ನೂ ತಣ್ಣಗೆ ಓಡುತ್ತದೆ. ಬಿಸಿಯಾಗಿ ನಿಂತ ಆಂಪನ್ನು ಗುದ್ದಿದರೆ ತಣ್ಣಗಾಗುತ್ತದಾ?

ಉತ್ಸವ_ಸೌಂಡ್ಸ್_ಉಪ್ಪಳ

ಈ ಗಿಟಾರ್ ಆಂಪು, ಕೀಬೋರ್ಡ್ ಆಂಪು ಎಲ್ಲ ತಲೆನೋವು. ನಾವು ಭಜನೆಗೆ, ಯಕ್ಷಗಾನ ಆಟಕ್ಕೆ ಎಲ್ಲದಕ್ಕೂ ಅಹುಜಾ ಕಂಪನಿಯ ಆಂಪ್ ಒಂದೇ. 100 ವೋಲ್ಟ್ ಲೈನಿನಲ್ಲಿ (ಉದ್ದ ವಯರಿಗೆ ಹೆಚ್ಚು ವೋಲ್ಟೇಜಿನಲ್ಲಿ ಸದ್ದು ಕಳಿಸುವ ಕ್ರಮ) ಹಾರ್ನ್ ಕಟ್ಟಿದರೆ ಗದ್ದೆ ಆಚೆ ಬದಿಗೂ ಕೇಳುತ್ತದೆ. ಓಮ್ ಗೀಮ್ ಲೆಕ್ಕವೇ ಬೇಡ.

ಬೇಸ್_ಬದಿಯಡ್ಕ

ಹಾರ್ನಿನಲ್ಲಿ ಕೀಬೋರ್ಡ್ ಕೇಳುವುದಾ? ಕೊಳಲಿನ ಟೋನ್ ಹಾಕಿದರೂ ನಾಗಸ್ವರ ಕೇಳೀತು. ನನ್ನ ಮುಂದಿನ ಪ್ಲಾನ್ ಸೆಲೆಶನ್ನಿನದೇ ವಿಂಟೇಜ್ 30 ಸ್ಪೀಕರ್, ಆದರೆ 30 ವ್ಯಾಟ್ ಸಾಕಾಗುತ್ತದಾ ಅಂತ ಯೋಚನೆ.

ಉತ್ಸವ_ಸೌಂಡ್ಸ್_ಉಪ್ಪಳ

ವಿಂಟೇಜ್ 30 ಅಂದರೆ 60 ವ್ಯಾಟ್ ಅಣ್ಣ. ಸೆಲೆಶನ್ ಅಂತ ಹಾಡುತ್ತೀರಿ, ಇಷ್ಟು ಗೊತ್ತಿಲ್ಲವಾ? ಮತ್ತೆ 100 ವೋಲ್ಟ್ ಲೈನ್ ಗೊತ್ತಿಲ್ಲದವರು ಹಾರ್ನಿಗೆ ಬೈಯಬಾರದು. ಪ್ರತಿ ಹಾರ್ನಿಗೂ ಒಂದು ಲೈನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎಲ್ಲದರ ವ್ಯಾಟ್ ಕೂಡಿಸಿದ್ದು ಆಂಪಿನ ವ್ಯಾಟ್ ದಾಟದಿದ್ದರೆ ಆಯಿತು. ವಯರ್ ಎಷ್ಟು ಉದ್ದ ಎಳೆದರೂ ಹೆಚ್ಚು ನಷ್ಟ ಇಲ್ಲ.

ಮಧೂರು_ಕೀಸ್

ಸ್ವಾಮಿ, ಇದು ನನ್ನ ಆಂಪಿನ ಚರ್ಚೆ. ಹಾರ್ನ್ ಬೇರೆ ಕಡೆ ಊದಿಕೊಳ್ಳಿ.

ಕೇಳಿದ್ದೀರಿ ಅಂತ ಹೇಳುತ್ತೇನೆ. ಇದು 40 ವ್ಯಾಟಿನ ಗಿಟಾರ್ ಕಾಂಬೋ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ), ಟ್ರಾನ್ಸಿಸ್ಟರಿನದ್ದು. ಭಜನಾ ಮಂಡಳಿಗೆ ಯಾರೋ ಕೊಟ್ಟದ್ದು, ನಾನು ಕೀಬೋರ್ಡಿಗೆ ಬಳಸುತ್ತೇನೆ. ಹಿಂದೆ ಸೆಂಡ್, ರಿಟರ್ನ್ ಅಂತ ಎರಡು ತೂತು. ಮುಂದೆ ಹೆಡ್‌ಫೋನ್ ತೂತು ಉಂಟು. ರಾತ್ರಿ ಮನೆಯಲ್ಲಿ ಪ್ರಾಕ್ಟೀಸ್ ಮಾಡುವಾಗ ಅದರಲ್ಲೇ ಕೇಳುವುದು, ಇಲ್ಲದಿದ್ದರೆ ಅಜ್ಜಿಗೆ ನಿದ್ದೆ ಇಲ್ಲ. ಅದಕ್ಕೂ ಸ್ಪೀಕರಿಗೂ ಎಂತ?

ಚೆಂಡೆ_ಚಕ್ರತಾಳ

ಅದಕ್ಕೇ ಕೇಳಿದ್ದು. ಹೆಡ್‌ಫೋನಿನಲ್ಲಿ ಕೇಳುವಾಗ ಯಾವತ್ತಾದರೂ ಸದ್ದು ನಿಂತಿದೆಯಾ?

ಮಧೂರು_ಕೀಸ್

ಇಲ್ಲ. ಗಂಟೆಗಟ್ಟಲೆ ಬಾರಿಸಿದರೂ ಇಲ್ಲ.

ಹಳೇ_ರೇಡಿಯೊ

ಚೆಂಡೆಯವರ ಪ್ರಶ್ನೆ ಅಷ್ಟು ಹೊತ್ತು ಮೂಲೆಯಲ್ಲಿ ಬಿದ್ದಿತ್ತು, ಅದೇ ಸರಿಯಾದ ದಾರಿ.

ನಿಮ್ಮದರಂಥ ಆಂಪುಗಳಲ್ಲಿ ಹೆಡ್‌ಫೋನ್ ಜಾಕಿನ ಒಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಪಿನ್ ಹಾಕಿದಾಗ ಒಂದು ತಗಡಿನ ಎಲೆ ಮೇಲೆದ್ದು ಸ್ಪೀಕರಿನ ದಾರಿ ತುಂಡು ಮಾಡುತ್ತದೆ. ಪಿನ್ ತೆಗೆದಾಗ ಎಲೆ ಕೆಳಗೆ ಕೂತು ಮತ್ತೆ ತಾಗಬೇಕು. ಸ್ಪೀಕರಿಗೆ ಹೋಗುವ ಕರೆಂಟೆಲ್ಲ ಆ ಚೂರು ಎಲೆಯ ಮೇಲೆಯೇ ದಾಟುವುದು. ನಮ್ಮ ಊರಿನ ಮಳೆ, ಕಡಲಿನ ಗಾಳಿ ಎರಡೂ ಸೇರಿ ಅಲ್ಲಿ ಕಿಲುಬು ಕಟ್ಟುತ್ತದೆ. ಎಲೆಯ ಬಿಗುವೂ ಸಡಿಲ ಆಗುತ್ತದೆ. ಆಮೇಲೆ ಕರಕರ, ಸದ್ದು ಕಮ್ಮಿ, ಒಮ್ಮೆಲೇ ಬಂದ್, ಗುದ್ದಿದರೆ ಹಾಜರ್. ನೀವು ಹೇಳಿದ್ದು ಪೂರ್ತಿ ಇದೇ.

ಸೆಂಡ್, ರಿಟರ್ನ್ ಇರುವುದು ಸದ್ದನ್ನು ಹೊರಗಿನ ಎಫೆಕ್ಟ್ ಪೆಟ್ಟಿಗೆಗೆ ಕಳಿಸಿ ವಾಪಸ್ ತರಲು; ಆ ರಿಟರ್ನ್ ಜಾಕಿನಲ್ಲೂ ಇಂಥದ್ದೇ ಸ್ವಿಚ್ ಇರುತ್ತದೆ. ಆದರೆ ಅದು ಕೆಟ್ಟರೆ ಹೆಡ್‌ಫೋನಿನಲ್ಲೂ ಸದ್ದು ನಿಲ್ಲಬೇಕು. ನಿಮ್ಮಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ಬಿಡಿ. ಸಂಶಯ ಇರುವವರು ಸೆಂಡಿನಿಂದ ರಿಟರ್ನಿಗೆ ಒಂದು ಗಿಟಾರ್ ಕೇಬಲ್ ಚುಚ್ಚಿ, ಆ ಸ್ವಿಚ್ಚನ್ನು ಬದಿಗಿಟ್ಟು ನೋಡಬಹುದು.

ಈಗ ಮಾಡಬೇಕಾದ್ದು. ಆಂಪ್ ಆಫ್ ಮಾಡಿ ಪ್ಲಗ್ಗು ತೆಗೆಯಿರಿ. ಹೆಡ್‌ಫೋನ್ ಪಿನ್ನನ್ನು ಸುಮಾರು ಸಲ ಹಾಕಿ ತೆಗೆಯಿರಿ, ಉಜ್ಜಿ ಉಜ್ಜಿ ಸ್ವಲ್ಪ ಕಿಲುಬು ಬಿಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಕ್ಕಿದರೆ ಪಿನ್ನಿಗೆ ಹೊಡೆದು ಅದನ್ನೇ ಒಳಗೆ ಹಾಕಿ ತಿರುಗಿಸಿ. ತುಕ್ಕು ಹಿಡಿದ ಬೋಲ್ಟಿಗೆ ಹೊಡೆಯುವ ಎಣ್ಣೆ ಬೇಡ, ಧೂಳು ಅಂಟುತ್ತದೆ. ಹಾಗೆಯೇ ಹಿಂದಿನಿಂದ ಸ್ಪೀಕರಿನ ಚಪ್ಪಟೆ ಕ್ಲಿಪ್ಪುಗಳನ್ನೂ ನೋಡಿ. ಎಳೆದರೆ ಸುಲಭವಾಗಿ ಜಾರಿ ಬಂದರೆ ಇಕ್ಕುಳದಲ್ಲಿ ಸ್ವಲ್ಪ ಅಮುಕಿ ಹಾಕಿ. ಆಂಪ್ ಆನ್ ಇರುವಾಗ ಆ ಎರಡು ವಯರ್ ಒಂದಕ್ಕೊಂದು ತಾಗಿಸಬೇಡಿ, ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು.

ಓಮ್_ಸ್ವಾಹಾ

ಜಾಕ್ ಒರೆಸಿದರೆ 8 ಓಮ್ 4 ಆಗುತ್ತದಾ?

ಉತ್ಸವ_ಸೌಂಡ್ಸ್_ಉಪ್ಪಳ

ಇದಕ್ಕೆಲ್ಲ ಇಷ್ಟು ಉದ್ದ ಬೇಡ. ಹೆಡ್‌ಫೋನ್ ಜಾಕಿನ ಆ ಎರಡು ಕಾಲು ಬೆಸುಗೆ ಹಾಕಿ ಸೇರಿಸಿಬಿಡಿ. ನಾನು ಹಾಗೇ ಮಾಡುವುದು.

ಹಳೇ_ರೇಡಿಯೊ

ಆಗ ಹೆಡ್‌ಫೋನ್ ಹಾಕಿದರೂ ಸ್ಪೀಕರ್ ಕೂಗುತ್ತದೆ, ಅವರ ಅಜ್ಜಿಯನ್ನು ನೀವು ಸಮಾಧಾನ ಮಾಡುತ್ತೀರಾ?

ಮಧೂರು_ಕೀಸ್

ಪಿನ್ ಹಾಕಿ ತೆಗೆದೆ. ಕ್ಲೀನರ್ ಮೊಬೈಲ್ ರಿಪೇರಿಯವನ ಹತ್ತಿರ ಸಿಕ್ಕಿತು. ಪಿನ್ ಹೊರಗೆ ಬರುವಾಗ ತುದಿಯಲ್ಲಿ ಹಸಿರು ಮಿಶ್ರಿತ ಕಪ್ಪು ಗೀರು. ನಿನ್ನೆ ಸಂಜೆ ಪೂರ್ತಿ ಭಜನೆ ಬಾರಿಸಿದೆ, ಒಮ್ಮೆಯೂ ನಿಲ್ಲಲಿಲ್ಲ. ಕರಕರವೂ ಇಲ್ಲ.

ಸದ್ದು ಮಾತ್ರ ಹಳೆಯದರಷ್ಟು ಇಲ್ಲ. 100 ವ್ಯಾಟಿನ ಸ್ಪೀಕರ್, ಹಳೆಯದು 50. ಜಾಸ್ತಿ ಆಗಬೇಕಿತ್ತಲ್ಲ?

ಚೆಂಡೆ_ಚಕ್ರತಾಳ

ಸ್ಪೀಕರಿನ ವ್ಯಾಟ್ ಅಂದರೆ ಅದು ಎಷ್ಟು ತಡೆದುಕೊಳ್ಳುತ್ತದೆ ಅಂತ ಮಾತ್ರ. ಎಷ್ಟು ಗಟ್ಟಿ ಕೂಗುತ್ತದೆ ಅಂತಲ್ಲ. ಅದಕ್ಕೆ ಸೆನ್ಸಿಟಿವಿಟಿ ನೋಡಬೇಕು, 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಡೆಸಿಬೆಲ್. ಗಿಟಾರಿಗೆ ಅಂತ ಮಾಡಿದ ಸ್ಪೀಕರುಗಳು 97, 98, ಕೆಲವು 100ರ ತನಕ ಇರುತ್ತವೆ. ಕಾರಿಗೆ, ಮನೆಯ ಸ್ಟೀರಿಯೊಗೆ ಮಾಡಿದ್ದು 90ರ ಆಸುಪಾಸು. 90 ಮತ್ತು 97ರ ನಡುವಿನ 7 ಡೆಸಿಬೆಲ್ ಸರಿದೂಗಿಸಲು 5 ಪಟ್ಟು ಪವರ್ ಬೇಕು. ನಿಮ್ಮ 40 ವ್ಯಾಟಿನ ಆಂಪ್ ಅದನ್ನು ಎಲ್ಲಿಂದ ತರುತ್ತದೆ?

ಹೊಸ ಸ್ಪೀಕರಿನ ಅಂಚು ಹೇಗಿದೆ? ದಪ್ಪ ರಬ್ಬರಾ, ನೆರಿಗೆ ಹಾಕಿದ ಕಾಗದ ಅಥವಾ ಬಟ್ಟೆಯಾ?

ಮಧೂರು_ಕೀಸ್

ದಪ್ಪ ರಬ್ಬರ್. ನೋಡಲು ಚಂದ ಉಂಟು. ನಡುವೆ ಬೆಳ್ಳಿ ಬಣ್ಣದ ಟೊಪ್ಪಿ.

ಚೆಂಡೆ_ಚಕ್ರತಾಳ

ತಗ್ಗಿನ ಸ್ವರಕ್ಕೆ ಮಾತ್ರ ಮಾಡಿದ, ಕಾರಿನ ಡಿಕ್ಕಿಯ ಸಬ್‌ವೂಫರ್ ಅದು.

ಬೇಸ್_ಬದಿಯಡ್ಕ

😂😂 ಗಿಟಾರ್ ಕಾಂಬೋಗೆ ಸಬ್‌ವೂಫರ್!

ಮಧೂರು_ಕೀಸ್

ನಗುವುದು ಬೇಡ. 10 ಇಂಚು ಅಂದೆ, 10 ಇಂಚು ಕೊಟ್ಟರು. ಸೈಜ್ ಸರಿ ಇದೆ ಅಂತ ಮೊದಲೇ ಬರೆದಿದ್ದೆ.

ಹಳೇ_ರೇಡಿಯೊ

ಆಯಿತು, ಹಳೇ ಸ್ಪೀಕರ್ ಎಲ್ಲಿದೆ ಅಂತ ಇನ್ನೂ ಹೇಳಲಿಲ್ಲ. ಎಸೆಯದಿದ್ದರೆ ಮೀಟರ್ ಇಡಿ. ಆಮೇಲೆ ಮೇಜಿನ ಮೇಲೆ ಅಂಗಾತ ಮಲಗಿಸಿ, ಎರಡೂ ಕೈಯ ಬೆರಳುಗಳನ್ನು ಕೋನಿನ, ಅಂದರೆ ಅದುರುವ ಕಾಗದದ ಬಟ್ಟಲಿನ ನಡುಭಾಗದ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಡಿ. ಕಿವಿ ಹತ್ತಿರ ಹಿಡಿಯಿರಿ. ಕಾಯಿಲ್ ಉಜ್ಜಿದರೆ ಮರಳು ಅರೆದ ಹಾಗೆ ಕೇಳುತ್ತದೆ. ಕೊನೆಗೆ ಒಂದು ಪೆನ್ ಟಾರ್ಚಿನ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಪ್ಲಸ್ಸಿಗೆ ಪ್ಲಸ್ ತಾಗಿಸಿದರೆ ಕೋನ್ ಮುಂದೆ ಹಾರಬೇಕು.

ಮಧೂರು_ಕೀಸ್

ಅಟ್ಟದಲ್ಲಿತ್ತು. ಮೀಟರ್ 3.3. ಉಜ್ಜುವುದಿಲ್ಲ. ಸೆಲ್ ತಾಗಿಸಿದಾಗ ಟಪ್ ಅಂತ ಮುಂದೆ ಬಂತು. ಕೋನಿನ ಮೇಲೆ ಬಿಳಿ ಬೂಸು ಇತ್ತು, ಒಣ ಬ್ರಶ್ಶಿನಲ್ಲಿ ಒರೆಸಿದೆ. ಅಂದರೆ ಅಂಗಡಿಯವರು ಹೇಳಿದ ಕಾಯಿಲ್ ಕಥೆ?

ಹಳೇ_ರೇಡಿಯೊ

ಕಾಯಿಲ್ ಗಟ್ಟಿಮುಟ್ಟಾಗಿದೆ. ವಾಪಸ್ ಹಾಕಿ. ಸ್ಕ್ರೂಗಳನ್ನು ಎದುರುಬದುರು ಒಂದೊಂದಾಗಿ ಬಿಗಿ ಮಾಡಿ, ಒಂದೇ ಬದಿಯಿಂದ ಬಿಗಿದರೆ ಚೌಕಟ್ಟು ತಿರುಚುತ್ತದೆ. ಸ್ಕ್ರೂ ಡ್ರೈವರ್ ಮ್ಯಾಗ್ನೆಟಿನ ಸೆಳೆತಕ್ಕೆ ಜಾರಿ ಕೋನಿಗೆ ತೂತು ಬೀಳುವುದು ಇಂಥ ಹೊತ್ತಲ್ಲೇ. ಎಡಗೈಯನ್ನು ಕೋನಿನ ಮೇಲೆ ಅಡ್ಡ ಹಿಡಿಯಿರಿ. ಚೌತಿ ಕಳೆದ ಮೇಲೆ ಆ ಜಾಕ್ ಬದಲಿಸಿಯೇ ಬಿಡಿ, ಕ್ಲೀನರ್ ಬಹಳ ದಿನ ಕಾಪಾಡುವುದಿಲ್ಲ. ಬೋರ್ಡಿಗೆ ಕೂರುವ ಜಾಕ್ ಆದ್ದರಿಂದ ಹಳೆಯದನ್ನು ಕಳಚಿ ಕೈಯಲ್ಲಿ ಹಿಡಿದು, ಅದೇ ಕಾಲುಗಳಿರುವ ಜಾಕ್ ಹುಡುಕಬೇಕು.

ಓಮ್_ಸ್ವಾಹಾ

ಅಂತೂ 4 ಓಮ್ ವಾಪಸ್ ಬಂತು. ನಾನು ಎರಡನೇ ಉತ್ತರದಲ್ಲೇ ಹೇಳಿದ್ದೆ.

ಹಳೇ_ರೇಡಿಯೊ

🙏

ಉತ್ಸವ_ಸೌಂಡ್ಸ್_ಉಪ್ಪಳ

ಆ ಸಬ್‌ವೂಫರ್ ಎಂತ ಮಾಡುತ್ತೀರಿ ಮಧೂರಿನವರೆ? ನಮ್ಮ ಹುಡುಗನ ಓಮ್ನಿ ವ್ಯಾನಿಗೆ ಬೇಕಿತ್ತು. ಅರ್ಧ ರೇಟಿಗೆ ಕೊಡುವುದಾದರೆ ನಾಳೆಯೇ ಬರುತ್ತೇನೆ.

ಮಧೂರು_ಕೀಸ್

ಅರ್ಧಕ್ಕೆಲ್ಲ ಇಲ್ಲ. ಬಿಲ್ಲು, ಪೆಟ್ಟಿಗೆ ಎರಡೂ ಉಂಟು. ಮೊದಲು ಅಂಗಡಿಗೆ ವಾಪಸ್ ತಗೊಳ್ಳುತ್ತಾರಾ ಕೇಳುತ್ತೇನೆ.

ಬೇಸ್_ಬದಿಯಡ್ಕ

ಕೀಬೋರ್ಡಿಗೆ ಗಿಟಾರ್ ಆಂಪ್ ಬಳಸುವುದೇ ಸರಿಯಲ್ಲ ಅಂತ ಯಾರೂ ಹೇಳಲಿಲ್ಲವಲ್ಲ? ಸ್ವರ ಏರಿ 5 ಕಿಲೋಹರ್ಟ್ಸ್ ದಾಟಿದರೆ ಗಿಟಾರ್ ಸ್ಪೀಕರ್ ಕೈಬಿಡುತ್ತದೆ. ಟ್ವೀಟರ್ (ಏರು ಸ್ವರದ ಸಣ್ಣ ಸ್ಪೀಕರ್) ಇಲ್ಲದೆ ಕೊಳಲು, ತಾಳ ಎಲ್ಲ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಅದಕ್ಕೊಂದು ಸಣ್ಣ ಪೀಜೋ ಟ್ವೀಟರ್ ಸೇರಿಸಿದರೆ ಹೇಗೆ?

ಓಮ್_ಸ್ವಾಹಾ

ಸೇರಿಸಿದರೆ ಒಟ್ಟು ಎಷ್ಟು ಓಮ್ ಆಗುತ್ತದೆ?