ಅಗ್ರ ಚೆಸ್ ಆಟಗಾರರ ಓಪನಿಂಗ್ ನಮ್ಮ ಮಕ್ಕಳಿಗೂ ಬೇಕೇ? ಅನುಭವ ಇದ್ದವರು ತಿಳಿಸಿ

ಕುಶಾಲನಗರದ ತಾಯಿ: ಮಗಳಿಗೆ 12 ವರ್ಷ, ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 1520. ಬಿಳಿಯಲ್ಲಿ ಕಿಂಗ್ಸ್ ಗ್ಯಾಂಬಿಟ್, ಕಪ್ಪಿನಲ್ಲಿ ಕಿಂಗ್ಸ್ ಇಂಡಿಯನ್ ಎಂಬ ಓಪನಿಂಗ್ (ಆಟದ ಮೊದಲ ನಡೆಗಳ ಕ್ರಮ) ಆಡುತ್ತಾಳೆ. ಹೊಸ ತರಬೇತುದಾರರು ಎರಡನ್ನೂ ಬಿಡಿಸಿ ಬಿಳಿಯಲ್ಲಿ ಕಟಲಾನ್, ಕಪ್ಪಿನಲ್ಲಿ ಬರ್ಲಿನ್ ಹಿಡಿಸಬೇಕು ಎನ್ನುತ್ತಿದ್ದಾರೆ. ಜಗತ್ತಿನ ಮೇಲ್ಪಂಕ್ತಿಯವರೆಲ್ಲ ಅದನ್ನೇ ಆಡುತ್ತಾರಂತೆ. ಅವರು ಅದನ್ನೇ ಏಕೆ ಆರಿಸುತ್ತಾರೆ? ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ವಿರಾಜಪೇಟೆಯ ಬೆಳೆಗಾರ: ನಮ್ಮ ಮಗನಿಗೆ ನೈದೋರ್ಫ್ ಎಂಬ ಕಪ್ಪಿನ ಓಪನಿಂಗ್ ಹಿಡಿಸಿದರು. ಹಿಂದಿನ ವಿಶ್ವ ಚಾಂಪಿಯನ್‌ಗಳಾದ ಫಿಶರ್ ಆಡಿದ್ದು, ಕಾಸ್ಪರೋವ್ ಆಡಿದ್ದು ಎಂದರೆ ಯಾವ ತಂದೆ ಬೇಡವೆನ್ನುತ್ತಾನೆ? ಆನ್‌ಲೈನ್ ಪಾಠಕ್ಕೆ ಗಂಟೆಗೆ 1,200 ರೂಪಾಯಿ. ವಿಡಿಯೊ ಕೋರ್ಸ್‌ಗೆ 9,500. ಎಂಜಿನ್ (ನಡೆಗಳ ಲೆಕ್ಕ ಹಾಕುವ ತಂತ್ರಾಂಶ) ಓಡಿಸಲು ಹಳೆಯ ಲ್ಯಾಪ್‌ಟಾಪ್ ಸಾಲದೆಂದು 68,000ದ ಹೊಸದು. ಆಟಿ ಮಳೆಯಲ್ಲಿ ಕಂಬ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವವರಿಲ್ಲ, ಹಾಗಾಗಿ ಇನ್ವರ್ಟರ್‌ಗೆ ಮತ್ತೆ 24,000. ತಪ್ಪಿಹೋದ ಪಾಠಗಳ ಹಣ ವಾಪಸು ಬರಲೇ ಇಲ್ಲ. ಮೈಸೂರಿನ ಟೂರ್ನಿಗೆ ಪ್ರವೇಶ ಶುಲ್ಕ 2,500, ಲಾಡ್ಜ್‌ಗೆ ರಾತ್ರಿಗೆ 1,800, ಊಟ ಬೇರೆ. ಅಲ್ಲಿ ಒಬ್ಬ ಎರಡನೆಯ ನಡೆಯಲ್ಲೇ ಕಾಲಾಳನ್ನು ಸಿ3 ಮನೆಗೆ ನೂಕಿದ, ಇನ್ನೊಬ್ಬ ಮೂರನೆಯ ನಡೆಯಲ್ಲಿ ಒಂಟೆಯನ್ನು ಬಿ5ಕ್ಕೆ ತಂದು ಚೆಕ್ ಕೊಟ್ಟ. ನೈದೋರ್ಫ್‌ನ ಎ6 ಬರುವುದು ಐದನೆಯ ನಡೆಗೆ. ಅಲ್ಲಿಯವರೆಗೆ ಯಾರೂ ಬರಲಿಲ್ಲ! ಹೂಮಳೆ ಬೀಳದ ವರ್ಷ ಗೊಬ್ಬರ ಸುರಿದಂತಾಯಿತು. ಕಂಠಪಾಠ ಮಾಡಿಸಿ ಹಣ ಎಣಿಸಿಕೊಂಡವರು ಇಂದು ಫೋನ್ ಎತ್ತುವುದಿಲ್ಲ.

ಮಡಿಕೇರಿಯಲ್ಲಿ ಮಕ್ಕಳಿಗೆ ಕಲಿಸುವವರು: ನೈದೋರ್ಫ್‌ನ ತಪ್ಪೇನೂ ಇಲ್ಲ, ಕಲಿಸಿದ ರೀತಿ ತಪ್ಪು. ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನದಿಂದ ಬರ್ಲಿನ್ ಕಲಿಸುತ್ತಿದ್ದೇನೆ, ಆ ಆಯ್ಕೆಯ ಬಗ್ಗೆ ನನಗೆ ಹೆಮ್ಮೆಯಿದೆ. 2000ದಲ್ಲಿ ಲಂಡನ್‌ನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಕಾಸ್ಪರೋವ್ ವಿರುದ್ಧ ಕ್ರಾಮ್ನಿಕ್ ಇದನ್ನು ಹಿಡಿದು ಕೂತರು. ಎಂಟನೆಯ ನಡೆಗೆ ರಾಣಿಗಳು ಹೊರಗೆ, ಕಪ್ಪು ರಾಜನಿಗೆ ಕ್ಯಾಸಲಿಂಗ್ ಇಲ್ಲ, ಆದರೂ ಒಡೆಯಲಾಗದ ಗೋಡೆ. ಆ ಪಂದ್ಯದಲ್ಲಿ ಕಾಸ್ಪರೋವ್ ಒಂದು ಆಟವನ್ನೂ ಗೆಲ್ಲಲಿಲ್ಲ, ಕಿರೀಟವೂ ಹೋಯಿತು. ಮೇಲಿನವರ ಲೆಕ್ಕ ಸರಳ. ಕಪ್ಪಿನಲ್ಲಿ ಡ್ರಾ ಮಾಡಿ ಅರ್ಧ ಅಂಕ ಸಿಕ್ಕರೆ ಅವರಿಗೆ ಸಾಕು, ಗೆಲುವನ್ನು ಬಿಳಿಯಲ್ಲಿ ಹುಡುಕುತ್ತಾರೆ. 2018ರಲ್ಲಿ ಅಮೆರಿಕದ ಕರುವಾನಾ ಕಪ್ಪಿನಲ್ಲಿ ಪೆಟ್ರಾಫ್ ಹಿಡಿದದ್ದೂ ಅದಕ್ಕೇ. ಕಟಲಾನ್‌ನಲ್ಲಿ ಜಿ2ರ ಒಂಟೆ ಇಡೀ ಆಟ ಒತ್ತಡ ಹಾಕುತ್ತದೆ, ಬಿಳಿಗೆ ಸೋಲುವ ಭಯ ಕಡಿಮೆ. ಕಿಂಗ್ಸ್ ಗ್ಯಾಂಬಿಟ್ ಆಡಿದರೆ ಎಂಜಿನ್ ನೋಡಿಕೊಂಡು ಬಂದ ಎದುರಾಳಿ ಕಾಲಾಳನ್ನು ತಿಂದು ಸುಮ್ಮನೆ ಕೂರುತ್ತಾನೆ.

ಗೋಣಿಕೊಪ್ಪಲಿನ ಹಳೆಯ ಆಟಗಾರ: ಅರ್ಧ ಅಂಕ ಸಾಕೆಂಬುದು 2750 ರೇಟಿಂಗ್‌ನವರ ಮಾತು. ನಮ್ಮ ಮಕ್ಕಳಿಗೆ ಅರ್ಧ ಅಂಕದಿಂದ ಏನು ಬರುತ್ತದೆ? ಸ್ವಿಸ್ ಟೂರ್ನಿಯಲ್ಲಿ ಎರಡು ಡ್ರಾ ಮಾಡಿಕೊಂಡರೆ ಬಹುಮಾನದ ಮೇಜು ಕಣ್ಣಿಗೆ ಬೀಳುವುದಿಲ್ಲ. ನಾನು ಕಾಲೇಜಿನಿಂದಲೂ ಕಪ್ಪಿನಲ್ಲಿ ಫ್ರೆಂಚ್ ಓಪನಿಂಗ್ ಆಡುತ್ತಿದ್ದೇನೆ. ಎಂಜಿನ್‌ಗೆ ಇಷ್ಟವಿಲ್ಲ, ಸಿ8ರ ಒಂಟೆ ಒಳಗೇ ಸತ್ತಿದೆ ಎಂದು ಹಂಗಿಸಿದವರೆಲ್ಲ 2024ರ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ ನೋಡಲಿ. ಗುಕೇಶ್ ವಿರುದ್ಧ ಮೊದಲ ಆಟದಲ್ಲೇ ಡಿಂಗ್ ಫ್ರೆಂಚ್ ಆಡಿ ಕಪ್ಪಿನಲ್ಲಿ ಗೆದ್ದರು. ದೊಡ್ಡವರು ಆರಿಸುವುದು ಎದುರಾಳಿ ಓದಿಕೊಂಡು ಬರದ ಓಪನಿಂಗನ್ನು. 2008ರಲ್ಲಿ ಬಾನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆನಂದ್ ಮಾಡಿದ್ದೂ ಅದೇ. ಅಲ್ಲಿಯವರೆಗೆ ಬಹುಪಾಲು ಇ4 (ಮೊದಲ ನಡೆಗೆ ರಾಜನ ಮುಂದಿನ ಕಾಲಾಳು) ಆಡಿದವರು ಡಿ4ಕ್ಕೆ (ರಾಣಿಯ ಮುಂದಿನ ಕಾಲಾಳು) ಹೊರಳಿದರು. ಕಪ್ಪಿನಲ್ಲಿ ಬೆಂಕಿಯಂಥ ಮೆರಾನ್ ಹಿಡಿದು ಮೂರನೆಯ, ಐದನೆಯ ಆಟಗಳನ್ನು ಕ್ರಾಮ್ನಿಕ್‌ರಿಂದ ಕಸಿದುಕೊಂಡರು. ನಿಮ್ಮ ಗೋಡೆ ಕಟ್ಟಿದ ಅದೇ ಕ್ರಾಮ್ನಿಕ್!

ಮಡಿಕೇರಿಯಲ್ಲಿ ಮಕ್ಕಳಿಗೆ ಕಲಿಸುವವರು: ಆನಂದ್ ಹಿಂದೆ ಒಂದು ತಂಡವೇ ತಿಂಗಳುಗಟ್ಟಲೆ ದುಡಿದಿತ್ತು. ನಿಮ್ಮ ಫ್ರೆಂಚ್‌ಗೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ. ಇನ್ನು 1520 ಎಂದು ಇಲ್ಲಿ ಯಾರೂ ಬೀಗುವ ಅಗತ್ಯವಿಲ್ಲ. 2024ರ ಮಾರ್ಚ್‌ನಲ್ಲಿ ಫಿಡೆ 2000ಕ್ಕಿಂತ ಕೆಳಗಿನವರ ರೇಟಿಂಗ್ ಏರಿಸಿತು, 2000ಕ್ಕೆ ಎಷ್ಟು ಕೊರತೆಯೋ ಅದರ ಶೇ 40ರಷ್ಟು. ಇಂದಿನ 1520 ಎಂದರೆ ಹಿಂದಿನ 1200.

ಕುಶಾಲನಗರದ ತಾಯಿ: ನಾನು ಬೀಗಿಲ್ಲ. ಮಗು ಆ ಅಂಕವನ್ನು ಬೋರ್ಡಿನ ಮುಂದೆ ಕೂತು ಗಳಿಸಿದ್ದು, ಏರಿಕೆಯಾದ ಮೇಲೆ ಪಡೆದ ಮೊದಲ ರೇಟಿಂಗ್ ಅದು.

ಸೋಮವಾರಪೇಟೆಯ ಅಜ್ಜ: ಹೆಣ್ಣುಮಗುವಿನ ಅಂಕ ಕಿತ್ತುಕೊಳ್ಳಲು ಹೊರಟಿದ್ದೀರಲ್ಲ, ಅವರು ಕೇಳಿದ್ದನ್ನು ನೋಡಿದಿರಾ? ಬರ್ಲಿನ್ ಇ4ಕ್ಕೆ ಉತ್ತರ, ಕಿಂಗ್ಸ್ ಇಂಡಿಯನ್ ಡಿ4ಕ್ಕೆ. ಒಂದನ್ನು ಬಿಡಿಸಿ ಇನ್ನೊಂದನ್ನು ಕೊಡುವುದು ಹೇಗೆ? ಆ ತರಬೇತುದಾರರನ್ನು ಮೊದಲು ಇದನ್ನು ಕೇಳಿ. ಕಾಸ್ಪರೋವ್ ಕಿಂಗ್ಸ್ ಇಂಡಿಯನ್ ಆಡಿಯೇ ಎತ್ತರಕ್ಕೆ ಏರಿದ್ದು. ಅವರು ಅದನ್ನು ಬದಿಗಿಟ್ಟದ್ದು 1997ರ ಸುಮಾರಿಗೆ, ಕ್ರಾಮ್ನಿಕ್ ಬಿ4 ನೂಕಿ ಬಯೋನೆಟ್ ದಾಳಿಯಿಂದ ಸೋಲಿಸಿದ ಮೇಲೆ. ಮೊಮ್ಮಗನಿಗೆ ನಾನು ಕಿಂಗ್ಸ್ ಇಂಡಿಯನ್ ಅನ್ನೇ ಕಲಿಸಿದ್ದೇನೆ, ಕೋರ್ಸ್‌ಗೆ ಒಂದು ರೂಪಾಯಿ ಕೊಟ್ಟಿಲ್ಲ. ಲಿಚೆಸ್ ಜಾಲತಾಣದಲ್ಲಿ ಎಲ್ಲವೂ ಉಚಿತ. ನನ್ನ ಸಂಕಟ ಬೇರೆ. ಏಪ್ರಿಲ್, ಮೇ ಬಂತೆಂದರೆ ಹುಡುಗರೆಲ್ಲ ಕೊಡವ ಮನೆತನಗಳ ಹಾಕಿ ಹಬ್ಬದ ಮೈದಾನದಲ್ಲಿ, ಚೆಸ್ ಟೂರ್ನಿಗಳೂ ಅದೇ ರಜೆಯಲ್ಲಿ. ಜಿಲ್ಲೆಯಲ್ಲಿ ಅಭ್ಯಾಸಕ್ಕೆ ಜೊತೆ ಸಿಗುವುದಿಲ್ಲ.

ವಿರಾಜಪೇಟೆಯ ಬೆಳೆಗಾರ: ಹಾಕಿಯನ್ನು ಇದಕ್ಕೆ ಎಳೆಯಬೇಡಿ. 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಆರಂಭವಾದ ಹಬ್ಬ ಅದು, ಮನೆತನಗಳು ತಮ್ಮ ಕೈಯಿಂದ ಹಣ ಹಾಕಿ ಬೆಳೆಸಿದ್ದು. ಚೆಸ್‌ನವರು ಒಂದು ಟೂರ್ನಿಗೆ ಕಲ್ಯಾಣಮಂಟಪ ಹಿಡಿಯಲೂ ಮುಂದೆ ಬರುವುದಿಲ್ಲ.

ಸೋಮವಾರಪೇಟೆಯ ಅಜ್ಜ: ಮಂಟಪದ ಬಾಡಿಗೆ ಕೇಳಿದ್ದೀರಾ? ದಿನಕ್ಕೆ 40,000 ಹೇಳಿದರು. ನೀವು ಅರ್ಧ ಕೊಡುವುದಾದರೆ ಡಿಸೆಂಬರ್‌ನಲ್ಲಿ, ಕಾಫಿ ಕೊಯ್ಲು ಬಿರುಸಾಗುವ ಮೊದಲು, ನಾನೇ ನಿಂತು ನಡೆಸುತ್ತೇನೆ.

ಗೋಣಿಕೊಪ್ಪಲಿನ ಹಳೆಯ ಆಟಗಾರ: ಡಿಸೆಂಬರ್‌ನಲ್ಲಿ ದಕ್ಷಿಣ ಕೊಡಗಿನವರು ಪುತ್ತರಿ (ಸುಗ್ಗಿ ಹಬ್ಬ) ಬಿಟ್ಟು ಸೋಮವಾರಪೇಟೆಗೆ ಬರುತ್ತಾರೆಯೇ? ಗೋಣಿಕೊಪ್ಪಲಿನಲ್ಲಿ ಇಡಿ.