ಅಪ್‌ಡೇಟ್: ಜಾಂಜಿಬಾರ್‌ನ ಆ ಹಾಡಿನ ಗುರುತು ಸಿಕ್ಕಿತು

ಪ್ರವಾಸಗಳಲ್ಲಿ ಕಿವಿಗೆ ಬಿದ್ದ ಸಂಗೀತವನ್ನೆಲ್ಲ ಒಂದೇ ಮಾಲೆಯಾಗಿ ಪೋಣಿಸುತ್ತಿದ್ದೇನೆ, ಟಾಂಜಾನಿಯಾದ ದ್ವೀಪ ಜಾಂಜಿಬಾರ್‌ನ ಹಳೆಯ ಪಟ್ಟಣ ಸ್ಟೋನ್ ಟೌನ್‌ನಲ್ಲಿ ಮೊಬೈಲಿನಲ್ಲಿ ಹಿಡಿದ ನಲವತ್ತು ಸೆಕೆಂಡಿನ ತುಣುಕು ಯಾವ ಬಗೆಯ ಸಂಗೀತದ್ದು, ಮಾಲೆಯ ಹಾಡುಗಳ ದನಿಯನ್ನು ಒಂದೇ ಮಟ್ಟಕ್ಕೆ ತರುವುದು ಹೇಗೆ ಎಂದು ಹೋದ ವಾರ ಇಲ್ಲಿ ಕೇಳಿದ್ದೆ.

ಹಾಡು ಗುರುತಿಸುವ ಆ್ಯಪ್‌ಗಳು ಕೈಚೆಲ್ಲಿದವು. ಒಂದಂತೂ ಹಳೆಯ ಹಿಂದಿ ಚಿತ್ರಗೀತೆ ಎಂದಿತು! ಪಿಟೀಲಿನ ಜೊತೆ ಸ್ವರಮಂಡಲದಂತೆ ಮೀಟುವ ವಾದ್ಯವಿದ್ದರೆ ಅದು ಅಲ್ಲಿನ ‘ತಾರಬ್’ ಎಂಬ ಸಂಗೀತ ಪ್ರಕಾರ ಎಂದು ಊಹಿಸಿದವರೇ ಗೆದ್ದರು. ಆ ವಾದ್ಯದ ಹೆಸರು ಕಾನೂನ್. ಅಲ್ಲಿ ನಾವು ಉಳಿದುಕೊಂಡಿದ್ದ ಮನೆಯವರಿಗೆ ತುಣುಕು ಕಳುಹಿಸಿದೆ. ಅವರೂ ಹೌದೆಂದರು.

ನನ್ನನ್ನು ಬೆರಗಾಗಿಸಿದ್ದು ಬೇರೆಯೇ. ಅರಬ್ಬಿ ಸಂಗೀತದ ಈ ಕವಲನ್ನು ಸ್ವಾಹಿಲಿಯಲ್ಲಿ ಹಾಡಿ ಹೆಸರಾದ ಸಿತಿ ಬಿಂತಿ ಸಾದ್ 1928ರಲ್ಲಿ ಧ್ವನಿಮುದ್ರಣಕ್ಕೆ ಹೋದದ್ದು ನಮ್ಮ ಮುಂಬಯಿಗೆ! ನಾನು ಸಮುದ್ರ ದಾಟಿ ಹುಡುಕಿದ್ದು ಒಮ್ಮೆ ಇಲ್ಲಿಗೇ ಬಂದು ಹೋಗಿತ್ತು.

ಮಾಲೆಯಲ್ಲಿ ಹಾಡಿನಿಂದ ಹಾಡಿಗೆ ದನಿ ಏರಿಳಿಯುತ್ತಿದ್ದುದಕ್ಕೆ ಕೈಯಿಂದ ವಾಲ್ಯೂಮ್ ತಿದ್ದುವ ಸಲಹೆ ಬೇಸರ ತರಿಸಿತು. ಧ್ವನಿ ಸಂಪಾದಿಸುವ ತಂತ್ರಾಂಶ ಅಡಾಸಿಟಿಯಲ್ಲಿ ದನಿಯನ್ನು ತಾನಾಗಿಯೇ ಒಂದೇ ಮಟ್ಟಕ್ಕೆ ತರುವ ‘ಲೌಡ್‌ನೆಸ್ ನಾರ್ಮಲೈಸೇಶನ್’ ಹೇಳಿಕೊಟ್ಟವರಿಗೆ ಋಣಿ. ಜಾಂಜಿಬಾರ್ ತುಣುಕಿನ ಗದ್ದಲವನ್ನು ಮಾತ್ರ ತೆಗೆಯಲಿಲ್ಲ. ಹಿನ್ನೆಲೆಯ ಸೈಕಲ್ ಗಂಟೆ ಅಲ್ಲೇ ಇರಲಿ.